ನಾಟಿ ಗದ್ದೆಯ ಹೊಡೆದಾಟ, 7 ವರ್ಷ ಶಿಕ್ಷೆ: ಧಾರವಾಡದ ಅಪೀಲಿನಲ್ಲಿ ಏನು ನಿಲ್ಲುತ್ತದೆ?

ಹಿಸ್ಸಾ-2, ಶಿರಸಿ

ಇದು ಕಲ್ಪಿತ ಫೈಲು, ಯಾರ ಮನೆಯದೂ ಅಲ್ಲ. ಚರ್ಚೆಗೆ ಅನುಕೂಲವಾಗಲಿ ಎಂದು ಕಟ್ಟಿದ್ದು.

ಶಿರಸಿ ತಾಲೂಕಿನ 1 ಎಕರೆ 6 ಗುಂಟೆ ಗದ್ದೆ. ಪಹಣಿಯ 9ನೇ ಕಲಮಿನಲ್ಲಿ (ಮಾಲೀಕರ ಅಂಕಣ) ದೊಡ್ಡಪ್ಪನ ಮಕ್ಕಳ ಹೆಸರು. ಉಳುವುದು ಚಿಕ್ಕಪ್ಪನ ಮನೆಯವರು, 11 ವರ್ಷದಿಂದ. ಮೊದಲನೆಯವರನ್ನು ‘ಹೆಸರಿನವರು’ ಎನ್ನೋಣ, ಎರಡನೆಯವರನ್ನು ‘ಉಳುವವರು’. 2021ರ ಜುಲೈ, ನಾಟಿ ಮುಗಿದು 18 ದಿನ. ಹೆಸರಿನವರ ಕಡೆಯ ಆರು ಜನ ಬೆಳಿಗ್ಗೆ ಟಿಲ್ಲರ್ ಇಳಿಸಿ ಸಸಿ ಮಗುಚತೊಡಗಿದರು. ಉಳುವವರು ನಾಲ್ವರು ಓಡಿಬಂದರು. ಹೊಡೆದಾಟವಾಯಿತು. ಉಳುವವರಲ್ಲಿ ಒಬ್ಬನ ಎಡ ಮುಂಗೈ ಮೂಳೆ ಮುರಿಯಿತು, ಇಬ್ಬರಿಗೆ ತಲೆಗೆ ಹೊಲಿಗೆ ಬಿತ್ತು. ಹೆಸರಿನವರಲ್ಲಿ ಒಬ್ಬ ಗುದ್ದಲಿ ಏಟಿಗೆ ತಲೆಬುರುಡೆ ಒಡೆದು ಮೂರನೇ ದಿನ ತೀರಿಕೊಂಡ.

ಸೆಷನ್ಸ್ ಕೋರ್ಟ್ ಉಳುವವರು ನಾಲ್ವರಿಗೂ ಐಪಿಸಿ (ಹಳೆಯ ದಂಡಸಂಹಿತೆ) 304ರ ಎರಡನೇ ಭಾಗ (ಕೊಲೆಯಲ್ಲದ ನರಹತ್ಯೆ), ಜೊತೆಗೆ 34 (ಸಮಾನ ಉದ್ದೇಶ) ಹಾಕಿ 7 ವರ್ಷ ಕೊಟ್ಟಿದೆ. ಉಳುವವರು ಕೊಟ್ಟ ಎದುರು ದೂರು ಜೆಎಂಎಫ್‌ಸಿಯಲ್ಲಿ (ಮ್ಯಾಜಿಸ್ಟ್ರೇಟ್ ಕೋರ್ಟು) ಬೇರೆಯಾಗಿ ನಡೆದು ಹೆಸರಿನವರು ಖುಲಾಸೆ. ಸಿಆರ್‌ಪಿಸಿ (ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 313ರ ಹೇಳಿಕೆಯಲ್ಲಿ, ಅಂದರೆ ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಆರೋಪಿಯನ್ನೇ ಕೇಳುವಾಗ, ಉಳುವವರು ಎಲ್ಲ ಪ್ರಶ್ನೆಗೂ ‘ಸುಳ್ಳು’ ಎಂದಷ್ಟೇ ಉತ್ತರಿಸಿದ್ದಾರೆ. ಆತ್ಮರಕ್ಷಣೆ ಎಂಬ ಮಾತೇ ಎತ್ತಿಲ್ಲ.

ಈಗ ಹೈಕೋರ್ಟಿನ ಧಾರವಾಡ ಪೀಠದ ಅಪೀಲಿನಲ್ಲಿ ಹಿಡಿಯಬೇಕಾದ ಎಳೆ ಯಾವುದು?

ಕುಮಟಾ ಪೇಟೆ

ಪಹಣಿ ಹೆಸರಿನವರದ್ದು ಅಂದಮೇಲೆ ಎಂತ ಎಳೆ ಮಾರಾಯ್ರೇ? ಅವರ ಗದ್ದೆಗೆ ಅವರು ಇಳಿದ್ರು. ಅತಿಕ್ರಮಣ ಮಾಡಿ ಕೂತವರು ಗುದ್ದಲಿ ಎತ್ತಿದ್ರು. 302 (ಕೊಲೆ ಕೇಸು) ಬೀಳಲಿಲ್ಲ ಅನ್ನೋದೇ ಅವರ ಪುಣ್ಯ.

ವಕಾಲತ್ತು

ಕುಮಟಾದವರೇ, ಬಹಳಷ್ಟು ಜನ ಎಡವುವುದು ಇಲ್ಲೇ. ಕ್ರಿಮಿನಲ್ ಕೋರ್ಟಿನ ಮುಂದಿರುವ ಪ್ರಶ್ನೆ ಗದ್ದೆ ಯಾರದ್ದು ಎಂಬುದಲ್ಲ. ಆ ಬೆಳಿಗ್ಗೆ ಗದ್ದೆ ಯಾರ ಕೈಯಲ್ಲಿತ್ತು, ಎಷ್ಟು ಕಾಲದಿಂದ ಇತ್ತು ಎಂಬುದು.

ಪೂರಣ್ ಸಿಂಗ್ ವಿರುದ್ಧ ಪಂಜಾಬ್ ಸರ್ಕಾರ, ಸುಪ್ರೀಂ ಕೋರ್ಟ್, 1975. ಅದೂ ಜಮೀನಿನ ಸ್ವಾಧೀನಕ್ಕಾಗಿ ನಡೆದ ಹೊಡೆದಾಟದ ಅಪೀಲೇ. ನೆಲೆಗೊಂಡ ಸ್ವಾಧೀನಕ್ಕೆ ಅಲ್ಲಿ ನಾಲ್ಕು ಗುರುತು ಹೇಳಿದ್ದಾರೆ. ಸಾಕಷ್ಟು ಕಾಲದಿಂದ ಭೌತಿಕವಾಗಿ ಕೈಯಲ್ಲಿರಬೇಕು. ಮಾಲೀಕನಿಗೆ ಗೊತ್ತಿರಬೇಕು, ಕದ್ದುಮುಚ್ಚಿ ಇರಬಾರದು. ಮಾಲೀಕನನ್ನು ಹೊರಹಾಕಿದ್ದು ಪೂರ್ತಿಯಾಗಿ ಮುಗಿದಿರಬೇಕು, ಮಾಲೀಕ ಅದಕ್ಕೆ ಸುಮ್ಮನಿದ್ದಿರಬೇಕು. ನಾಲ್ಕನೆಯದು ಸಾಗುವಳಿ ಜಮೀನಿಗೇ ಮೀಸಲು: ಒಳಬಂದವನು ಬೆಳೆ ಹಾಕಿದ್ದಾನೆಯೇ? ಹಾಕಿದ್ದರೆ, ನಿಜವಾದ ಮಾಲೀಕನಿಗೂ ಆ ಬೆಳೆ ನಾಶಮಾಡಿ ಬಲದಿಂದ ಒಳಗೆ ಬರುವ ಹಕ್ಕಿಲ್ಲ.

18 ದಿನದ ನಾಟಿ ಈ ನಾಲ್ಕನೇ ಗುರುತಿಗೆ ಸರಿಯಾಗಿ ಕೂರುತ್ತದೆ. ಹೆಸರಿನವರು ಇಳಿದದ್ದು ಬರಿ ಗದ್ದೆಗಲ್ಲ, ಬೇರೆಯವರು ನೆಟ್ಟ ಸಸಿಯ ಮೇಲೆ. ಸಿವಿಲ್ ಕಡೆಯಿಂದ ಇದೇ ಮಾತು ಬೇಕಿದ್ದರೆ ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ಎಂ. ವರದಪ್ಪ ನಾಯ್ಡು ತೀರ್ಪು ಇದೆ, 2004ರ ವರದಿ.

ಕುಮಟಾ ಪೇಟೆ

ಹಾಗಾದ್ರೆ ಹೆಸರಿದ್ದವ ಎಂತ ಮಾಡಬೇಕು? ಹನ್ನೊಂದು ವರ್ಷ ನೋಡ್ತಾ ಕೂರೂದಾ?

ವಕಾಲತ್ತು

ಕೂರಬಾರದು, ದಾವೆ ಹಾಕಬೇಕು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು 12 ವರ್ಷ ಅವಧಿಯಿದೆ. ಇತ್ತೀಚೆಗೆ ಬಲವಂತವಾಗಿ ಹೊರಹಾಕಿದ್ದರೆ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ 6 ತಿಂಗಳೊಳಗೆ ಹೋಗಬಹುದು, ಅಲ್ಲಿ ಹಕ್ಕು ತೋರಿಸುವ ಗೋಜೇ ಇಲ್ಲ. ಗಲಾಟೆಯ ಸುಳಿವಿದ್ದರೆ ಸಿಆರ್‌ಪಿಸಿ 145, ಈಗಿನ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾಯಿದೆ) 164, ಸ್ವಾಧೀನ ಯಾರದ್ದೆಂದು ಮ್ಯಾಜಿಸ್ಟ್ರೇಟರು ನೋಡುವ ದಾರಿ. ಹಿಂದಿನ ಎರಡು ತಿಂಗಳೊಳಗೆ ಅಕ್ರಮವಾಗಿ ಹೊರಹಾಕಲ್ಪಟ್ಟವನನ್ನೂ ಅಲ್ಲಿ ಸ್ವಾಧೀನದಲ್ಲಿ ಇದ್ದವನೆಂದೇ ಪರಿಗಣಿಸಬಹುದು. ಇಷ್ಟು ಬಾಗಿಲು ಬಿಟ್ಟು ಟಿಲ್ಲರ್ ಬಾಡಿಗೆಗೆ ತಂದರೆ ಈ ಫೈಲು ಆಗುತ್ತದೆ.

ಮೋಜಣಿ

ಪಹಣಿಯ ಬಗ್ಗೆ ಒಂದು ಮಾತು. ಎಲ್ಲರೂ 9ನೇ ಕಲಮನ್ನೇ ತೋರಿಸುತ್ತಾರೆ. ಸ್ವಾಧೀನಕ್ಕೆ ನೋಡಬೇಕಾದ್ದು 12ನೇ ಕಲಂ, ಅಂದರೆ ಸಾಗುವಳಿದಾರನ ಹೆಸರು, ಸಾಗುವಳಿಯ ರೀತಿ, ಬೆಳೆ. ಭೂಕಂದಾಯ ಕಾಯಿದೆಯ 133ನೇ ಕಲಂ ಪ್ರಕಾರ ನಮೂದು ಸರಿ ಎಂದೇ ಮೊದಲಿಗೆ ಊಹಿಸಬೇಕು, ಆದರೆ ಸಾಕ್ಷ್ಯ ಕೊಟ್ಟು ಅದನ್ನು ಮುರಿಯಬಹುದು. ತೊಡಕೇನೆಂದರೆ, ಗಣಕೀಕೃತ ಪಹಣಿಯಲ್ಲಿ ಎಷ್ಟೋ ಕಡೆ ಮಾಲೀಕನ ಹೆಸರೇ ‘ಸ್ವಂತ’ ಎಂದು 12ಕ್ಕೂ ಇಳಿದಿರುತ್ತದೆ, ಗದ್ದೆಗೆ ಯಾರೂ ಹೋಗಿ ನೋಡಿರುವುದಿಲ್ಲ.

ಅದಕ್ಕೇ ಬೇರೆ ಕಾಗದ ಹುಡುಕಬೇಕು. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಗದ್ದೆಯಲ್ಲೇ ನಿಂತು ತೆಗೆದ ಫೋಟೊ, ಸೊಸೈಟಿಯ ಬೆಳೆಸಾಲದ ಖಾತೆ, ಬೆಳೆವಿಮೆಯ ಕಂತು, ಗೊಬ್ಬರದ ಬಿಲ್ಲು, ಭತ್ತ ಮಾರಿದ ಪಟ್ಟಿ. ಒಂದೊಂದೇ ತೆಗೆದರೆ ಸಣ್ಣ ಚೀಟಿ. ಆದರೆ 11 ವರ್ಷದ್ದನ್ನು ಸಾಲಾಗಿ ಜೋಡಿಸಿದಾಗ 12ನೇ ಕಲಮಿನ ‘ಸ್ವಂತ’ ನಿಲ್ಲುವುದಿಲ್ಲ.

ಇನ್ನೊಂದು, ಸ್ಥಳ ನಕ್ಷೆ. ಸಾವಿನ ಪ್ರಕರಣದಲ್ಲಿ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರರು ಬಂದು ನಕ್ಷೆ ಬರೆಯುತ್ತಾರೆ. ರಸ್ತೆ, ಮನೆ, ಮರ, ರಕ್ತ ಬಿದ್ದ ಜಾಗ ಎಲ್ಲ ಅದರಲ್ಲಿರುತ್ತದೆ. ಹಿಸ್ಸೆಯ (ಪಾಲಾದ ತುಂಡಿನ) ಗಡಿ ಇರುವುದಿಲ್ಲ. ರಕ್ತ ಬಿದ್ದದ್ದು ವಿವಾದದ ಗದ್ದೆಯ ಒಳಗೋ, ಪಕ್ಕದ ಹೆಸರಿನವರ ಹಿಸ್ಸೆಯಲ್ಲೋ ಎಂದು ಆ ನಕ್ಷೆ ಹೇಳುವುದಿಲ್ಲ. ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. ಅರ್ಧ ಗುಂಟೆ ಆಚೀಚೆ ಆದರೆ ರಕ್ಷಣೆ ಹೋಗಿ ದಾಳಿ ಆಗಿಬಿಡುತ್ತದೆ. ಹದ್ದುಬಸ್ತು ನಕ್ಷೆಯನ್ನು (ಸರ್ವೆಯವರು ಗಡಿ ಅಳೆದು ಗುರುತಿಸಿದ್ದು) ವಿಚಾರಣೆಯಲ್ಲೇ ಹಾಜರುಪಡಿಸಬೇಕಿತ್ತು.

ಹಿಸ್ಸಾ-2, ಶಿರಸಿ

ಹಾಜರುಪಡಿಸಿಲ್ಲ. ಅಪೀಲಿನಲ್ಲಿ ಕೊಡಬಹುದೇ?

ವಕಾಲತ್ತು

ಸಿಆರ್‌ಪಿಸಿ 391, ಈಗ ಬಿಎನ್‌ಎಸ್‌ಎಸ್ 432. ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಮೇಲ್ಮನವಿ ಕೋರ್ಟಿಗಿದೆ, ಕಾರಣ ಬರೆಯಬೇಕು. ಸರ್ಕಾರಿ ದಾಖಲೆಯ ದೃಢೀಕೃತ ನಕಲಾದರೆ ದಾರಿ ಸುಲಭ. ಹೊಸದಾಗಿ ಅಳತೆ ಮಾಡಿಸಿ ತಂದ ನಕ್ಷೆಯಾದರೆ, ಇಷ್ಟು ದಿನ ಎಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅರ್ಜಿಯನ್ನು ಅಪೀಲಿನ ಜೊತೆಗೇ ಹಾಕಿ, ಅಂತಿಮ ವಾದದ ಹಿಂದಿನ ದಿನ ಅಲ್ಲ.

ಅಂಕೋಲಾ ಹೊಳೆಬದಿ

ಸ್ವಾಧೀನ ಗೆದ್ದರೂ ಕೇಸು ಗೆದ್ದ ಹಾಗಲ್ಲ. ತಲೆಬುರುಡೆ ಒಡೆದಿದೆ. ಗದ್ದೆಗೆ ಇಳಿದವನನ್ನು ಕೊಲ್ಲಬಹುದು ಅಂತ ಯಾವ ಕಾಯಿದೆಯೂ ಹೇಳುವುದಿಲ್ಲ.

ವಕಾಲತ್ತು

ಸರಿಯಾದ ಮಾತು. ಇದನ್ನೇ ವಿವರವಾಗಿ ಬರೆಯಬೇಕೆಂದಿದ್ದೆ.

ಬರೀ ಅತಿಕ್ರಮ ಪ್ರವೇಶಕ್ಕೆ ಐಪಿಸಿ 104 ಅನ್ವಯಿಸುತ್ತದೆ (ಐಪಿಸಿ ಬದಲಿಗೆ ಬಂದ ಕಾಯಿದೆ ಬಿಎನ್‌ಎಸ್, ಅದರಲ್ಲಿ 42). ತಡೆಯಬಹುದು, ಏಟೂ ಹಾಕಬಹುದು, ಸಾವು ತರುವಂತಿಲ್ಲ. ಆಸ್ತಿಯ ರಕ್ಷಣೆಗೆ ಸಾವಿನವರೆಗೆ ಹೋಗಲು 103 ಬೇಕು (ಬಿಎನ್‌ಎಸ್ 41): ದರೋಡೆ, ರಾತ್ರಿ ಕನ್ನ, ವಾಸದ ಮನೆಗೆ ಬೆಂಕಿ. ಇಲ್ಲವೇ ಕಳವು ಅಥವಾ ಆಸ್ತಿಹಾನಿ ನಡೆಯುತ್ತಿರುವಾಗ, ತಡೆಯದಿದ್ದರೆ ಪ್ರಾಣಕ್ಕೋ ತೀವ್ರ ಗಾಯಕ್ಕೋ ದಾರಿಯಾದೀತೆಂಬ ಸಕಾರಣ ಭಯ. ಸಸಿ ಮಗುಚುವುದು ಆಸ್ತಿಹಾನಿಯೇ. ಆದರೆ ಭಯಕ್ಕೆ ಕಾರಣ ತೋರಿಸಬೇಕು.

ಅದಕ್ಕೆ ಮುಂಗೈ ಮೂಳೆ ಮುಖ್ಯ. ಮೂಳೆ ಮುರಿದರೆ ಐಪಿಸಿ 320ರಲ್ಲಿ (ಬಿಎನ್‌ಎಸ್ 116) ಅದು ನೇರವಾಗಿ ತೀವ್ರ ಗಾಯ. ಅಂಥ ಗಾಯದ ಭಯವಿದ್ದಾಗ ದೇಹದ ರಕ್ಷಣೆಯ ಹಕ್ಕು 100ನೇ ಕಲಮಿನಡಿ (ಬಿಎನ್‌ಎಸ್ 38) ಸಾವಿನವರೆಗೂ ಹೋಗುತ್ತದೆ. ಹಾಗಾಗಿ ಇಡೀ ಅಪೀಲು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಕೈ ಮುರಿದದ್ದು ಮೊದಲೋ, ಗುದ್ದಲಿ ಬಿದ್ದದ್ದು ಮೊದಲೋ?

ಓಡಿಹೋಗುತ್ತಿದ್ದವನ ತಲೆಯ ಹಿಂಬದಿಗೆ ಗುದ್ದಲಿ ಬಿದ್ದಿದ್ದರೆ ಕಷ್ಟ. ಜೈ ದೇವ್ ತೀರ್ಪು (1963ರ ವರದಿ) ಅದೇ ಹೇಳುತ್ತದೆ. ಅಲ್ಲೂ ಹೊಲದ ಸ್ವಾಧೀನದ್ದೇ ಜಗಳ. ಎದುರಾಳಿಗಳು ಓಡತೊಡಗಿದ ಕ್ಷಣಕ್ಕೆ ರಕ್ಷಣೆಯ ಹಕ್ಕು ಮುಗಿಯಿತು ಎಂದರು. ಅದಕ್ಕೇ ಮರಣೋತ್ತರ ವರದಿಯಲ್ಲಿ ಗಾಯ ತಲೆಯ ಯಾವ ಭಾಗದಲ್ಲಿದೆ ಎಂಬ ಒಂದು ಸಾಲನ್ನು ಹತ್ತು ಸಲ ಓದಬೇಕು.

ಘಟ್ಟದ ಮೇಲೆ

ಗಾಯದ ಪತ್ರದ ಬಗ್ಗೆ: ಉಳುವವರು ಮೂವರ ಗಾಯದ ಪ್ರಮಾಣಪತ್ರ ಯಾವ ಕೇಸಿನಲ್ಲಿ ಗುರುತಾಗಿದೆ ಎಂಬುದನ್ನು ನೋಡಿ. ಎಷ್ಟೋ ಸಲ ಅದು ಎದುರು ದೂರಿನ ಫೈಲಿನಲ್ಲಿ ಮಾತ್ರ ಇರುತ್ತದೆ. ಸೆಷನ್ಸ್ ಕೇಸಿನ ವೈದ್ಯರನ್ನು ಅದರ ಬಗ್ಗೆ ಯಾರೂ ಕೇಳಿರುವುದಿಲ್ಲ. ಆಗ ನ್ಯಾಯಾಧೀಶರ ಕಣ್ಣಿಗೆ ಬೀಳುವುದು ಒಂದೇ ಹೆಣ, ಒಂದೇ ಗುದ್ದಲಿ.

ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯಾಳುಗಳ) ರಿಜಿಸ್ಟರಿನ ಸಮಯವನ್ನೂ ನೋಡಿ. ಯಾರು ಮೊದಲು ಬಂದರು, ‘ಹೇಗಾಯ್ತು’ ಎಂಬ ಕಲಮಿನಲ್ಲಿ ಏನು ಹೇಳಿದರು ಎಂಬುದು ಎಫ್‌ಐಆರ್‌ಗಿಂತ ಮೊದಲು ಬರೆದದ್ದಾಗಿರುತ್ತದೆ. ಅಷ್ಟು ಹೊತ್ತಿಗೆ ಕತೆ ಕಟ್ಟಲು ಯಾರಿಗೂ ಪುರುಸೊತ್ತು ಸಿಕ್ಕಿರುವುದಿಲ್ಲ.

ವಕಾಲತ್ತು

ಘಟ್ಟದ ಮೇಲಿನವರು ಮುಟ್ಟಿದ್ದು ಸರಿಯಾದ ನರ. ಲಕ್ಷ್ಮೀ ಸಿಂಗ್ ವಿರುದ್ಧ ಬಿಹಾರ ಸರ್ಕಾರ, 1976. ಅದೇ ಗಲಾಟೆಯಲ್ಲಿ ಆರೋಪಿಗೆ ಬಿದ್ದ ತೀವ್ರ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ, ಸಾಕ್ಷಿಗಳು ಘಟನೆಯ ಮೂಲವನ್ನೇ ಮುಚ್ಚಿಟ್ಟಿದ್ದಾರೆ ಎಂದು ಊಹಿಸಬಹುದು. ತರಚು ಗಾಯಕ್ಕೆ ಇದು ಅನ್ವಯಿಸುವುದಿಲ್ಲ. ಮುರಿದ ಮುಂಗೈಗೆ ಅನ್ವಯಿಸುತ್ತದೆ. ‘ಕೈಗೆ ಏಟು ಹೇಗಾಯ್ತೋ ಗೊತ್ತಿಲ್ಲ’ ಎಂದು ಹೆಸರಿನವರ ಸಾಕ್ಷಿಗಳು ಪಾಟೀಸವಾಲಿನಲ್ಲಿ ಹೇಳಿದ್ದರೆ ಆ ಪುಟಕ್ಕೆ ಗುರುತು ಹಾಕಿ.

313ರ ‘ಸುಳ್ಳು’ ನಷ್ಟವೇ, ಆದರೆ ಮುಳುಗಿಸುವಷ್ಟಲ್ಲ. ಆತ್ಮರಕ್ಷಣೆಯನ್ನು ಬಾಯಿಬಿಟ್ಟು ಹೇಳದಿದ್ದರೂ ಪ್ರಾಸಿಕ್ಯೂಷನ್ ಸಾಕ್ಷ್ಯದಲ್ಲೇ ಅದು ಕಾಣುತ್ತಿದ್ದರೆ ಕೋರ್ಟ್ ಪರಿಗಣಿಸಬೇಕು. ಮುನ್ಷಿ ರಾಮ್ ತೀರ್ಪು, 1968. ಅದನ್ನು ತೋರಿಸುವ ಭಾರ ಆರೋಪಿಯ ಮೇಲಿದೆ ನಿಜ, ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ತೂಕ ತನ್ನ ಕಡೆ ಒಂದಿಷ್ಟು ಬಾಗಿದರೆ ಸಾಕು.

ಅಂಕೋಲಾ ಹೊಳೆಬದಿ

34 ಹೇಗೆ ನಿಲ್ಲುತ್ತದೆ? ಗುದ್ದಲಿ ಬೀಸಿದ್ದು ಒಬ್ಬ, ಒಳಗೆ ಕೂತಿದ್ದು ನಾಲ್ವರು.

ವಕಾಲತ್ತು

ಸ್ವಾಧೀನ ಮತ್ತು ಮೊದಲ ದಾಳಿ ಎರಡೂ ಸಾಬೀತಾದರೆ 34 ನಿಲ್ಲುವುದೇ ಇಲ್ಲ. ಹಕ್ಕು ಚಲಾಯಿಸುತ್ತಿರುವವರಿಗೆ ಅಪರಾಧದ ಸಮಾನ ಉದ್ದೇಶ ಎಲ್ಲಿಂದ ಬರಬೇಕು? ಹಕ್ಕಿನ ಮಿತಿ ದಾಟಿದವನೊಬ್ಬನೇ ತಾನು ದಾಟಿದ್ದಕ್ಕೆ ಉತ್ತರ ಕೊಡಬೇಕು. ಸುಬ್ರಮಣಿ ವಿರುದ್ಧ ತಮಿಳುನಾಡು ಸರ್ಕಾರ, 2002, ಇದಕ್ಕೆ ಹತ್ತಿರದ್ದು. ಜಮೀನಿನ ಜಗಳವೇ. ವಾಸ್ತವದಲ್ಲಿ ಮೂವರಿಗೆ ಖುಲಾಸೆ ಕೇಳುವುದು, ಗುದ್ದಲಿಯವನಿಗೆ ಖುಲಾಸೆ ಇಲ್ಲವೇ ಶಿಕ್ಷೆ ಇಳಿಕೆ ಕೇಳುವುದು, ಹೀಗೆ ಎರಡು ಮೆಟ್ಟಿಲಲ್ಲಿ ವಾದ ಇಟ್ಟುಕೊಳ್ಳುವುದು ಲೇಸು. ನಾಲ್ವರಿಗೂ ಒಂದೇ ವಾದ ಮಾಡಿದರೆ ಗಟ್ಟಿ ಇದ್ದವರೂ ಸಡಿಲ ಇದ್ದವನ ಜೊತೆ ಜಾರುತ್ತಾರೆ.

ಗಜನಿ ಕಟ್ಟೆ

ಅಘನಾಶಿನಿ ಹೊಳೆ ಕಡೆಯ ಗಜನಿಗೆ (ಉಪ್ಪುನೀರಿನ ಗದ್ದೆಗೆ) ಈ ನಾಲ್ಕು ಗುರುತು ಹೇಗೆ ಹೊಂದುತ್ತವೆ? ಅಲ್ಲಿ ಕಗ್ಗ ಭತ್ತ ಮಳೆಗಾಲಕ್ಕೆ ಮಾತ್ರ. ಆಮೇಲೆ ಉಪ್ಪುನೀರು ಒಳಬಿಟ್ಟು ಸಿಗಡಿ, ಮೀನು. ಒಂದೇ ನೆಲದಲ್ಲಿ ಭತ್ತ ಒಬ್ಬನದು, ಮೀನು ಹಿಡಿಯುವ ಗುತ್ತಿಗೆ ಇನ್ನೊಬ್ಬನದು. ಕಟ್ಟೆ ಒಡೆದರೆ ಹಿಸ್ಸೆಯ ಬದುವೂ ಹೋಗ್ತದೆ, ಗಡಿ ಕಾಣೂದಿಲ್ಲ.

ಮೋಜಣಿ

ಗಡಿ ಅಳಿಸಿದರೂ ಸರ್ವೆಯ ಮೂಲ ಟಿಪ್ಪಣಿ ಅಳಿಯುವುದಿಲ್ಲ, ಒಡೆಯದೆ ಉಳಿದ ಗಟ್ಟಿ ಕಲ್ಲಿನಿಂದ ಅಳೆದು ಹಿಸ್ಸೆ ಮತ್ತೆ ಗುರುತಿಸಬಹುದು. ಮಳೆಗಾಲದಲ್ಲಿ ಸರಪಳಿ ಎಳೆಯಲಾಗದು, ನೀರು ಇಳಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ದೋಷಾರೋಪಪಟ್ಟಿ ಹೋಗಿರುತ್ತದೆ ಎಂಬುದೇ ತೊಂದರೆ.

ವಕಾಲತ್ತು

ಗಜನಿಯಲ್ಲಿ ಸ್ವಾಧೀನವನ್ನು ಹಂಗಾಮು ನೋಡಿ ಹೇಳಬೇಕು. ಜಂತ್ರಡಿಯ (ಕಟ್ಟೆಯ ನೀರುಬಾಗಿಲಿನ) ಹಲಗೆ ಎತ್ತಿ ಇಳಿಸುವುದು ಯಾರ ಕೈಯಲ್ಲಿತ್ತು, ಆ ತಿಂಗಳು ಒಳಗೆ ಇದ್ದದ್ದು ಪೈರೋ ಮೀನೋ? ಭತ್ತ ನಿಂತಿರುವಾಗ ಹಲಗೆ ಎತ್ತಿ ಉಪ್ಪುನೀರು ನುಗ್ಗಿಸಿದರೆ ಅದು ಟಿಲ್ಲರ್ ಇಳಿಸಿದ್ದಕ್ಕಿಂತ ಕಡಿಮೆಯದ್ದಲ್ಲ. ಆದರೆ ಕೊಯ್ಲು ಮುಗಿದ ಮೇಲೆ ಎತ್ತಿದ್ದಾದರೆ ಭತ್ತದವನ ವಾದ ತೆಳ್ಳಗಾಗುತ್ತದೆ.

ಸೊಪ್ಪಿನ ಬೆಟ್ಟ

ಗೇಣಿ ಜಮೀನು? 7ನೇ ನಮೂನೆ ಅರ್ಜಿ (ಗೇಣಿದಾರ ಒಡೆತನ ಕೇಳಿ ಹಾಕುವುದು) ಭೂನ್ಯಾಯ ಮಂಡಳಿಯಲ್ಲಿ ಇನ್ನೂ ತೀರ್ಮಾನವಾಗದೆ ಇದ್ದರೆ ಸೆಷನ್ಸ್ ಕೋರ್ಟೇ ‘ಇವ ಗೇಣಿದಾರ ಅಲ್ಲ’ ಎಂದು ಬರೆಯಬಹುದೇ?

ವಕಾಲತ್ತು

ಬರೆಯುವಂತಿಲ್ಲ. 1-3-1974ಕ್ಕೆ ಮೊದಲಿಂದ ಗೇಣಿದಾರ ಹೌದೋ ಅಲ್ಲವೋ ಎಂಬುದನ್ನು ಭೂಸುಧಾರಣಾ ಕಾಯಿದೆಯ 133ನೇ ಕಲಂ ಸಿವಿಲ್ ಕೋರ್ಟಿಗೂ ಕ್ರಿಮಿನಲ್ ಕೋರ್ಟಿಗೂ ಬಿಟ್ಟಿಲ್ಲ, ಅದು ಮಂಡಳಿಯ ಕೆಲಸ. (ಮೇಲೆ ಬಂದ 133 ಭೂಕಂದಾಯ ಕಾಯಿದೆಯದ್ದು. ಸಂಖ್ಯೆ ಒಂದೇ, ಕಾಯಿದೆ ಬೇರೆ. ಅಪೀಲು ಮೆಮೊದಲ್ಲಿ ಇದನ್ನು ಕಲಸಿಹಾಕಬೇಡಿ.) ಆ ದಿನ ಉಳುತ್ತಿದ್ದವರು ಯಾರು ಎಂಬುದನ್ನಷ್ಟೇ ಕ್ರಿಮಿನಲ್ ಕೋರ್ಟ್ ನೋಡುತ್ತದೆ.

ನಿಮ್ಮ ಹೆಸರೇ ಸೊಪ್ಪಿನ ಬೆಟ್ಟ, ಆದ್ದರಿಂದ ಅದನ್ನೂ ಹೇಳುತ್ತೇನೆ. ಬೆಟ್ಟದಲ್ಲಿ ತೋಟದವನಿಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ನೆಲದ ಒಡೆತನವಲ್ಲ. ಅರಣ್ಯ ಅತಿಕ್ರಮಣದ ಗದ್ದೆಯಲ್ಲೂ ಹಾಗೆಯೇ, ಹೊಡೆದಾಡಿದ ಇಬ್ಬರಿಗೂ ನೆಲದ ಹಕ್ಕಿಲ್ಲದಿರಬಹುದು. ಆದರೂ ಇನ್ನೊಬ್ಬ ಖಾಸಗಿಯವನ ಎದುರು ನೆಲೆಗೊಂಡ ಸ್ವಾಧೀನ ಸ್ವಾಧೀನವೇ. ಅರಣ್ಯ ಹಕ್ಕು ಕಾಯಿದೆ, 2006ರ ಅರ್ಜಿ ಹಾಕಿದ್ದರೆ ಅದರ ಜೊತೆಗಿನ ಜಿಪಿಎಸ್ ನಕ್ಷೆಯನ್ನು ತೆಗೆಸಿ. ಗಲಾಟೆಗೆ ಮೊದಲೇ ಆದ ಅಳತೆ ಅದು, ಸ್ವಾಧೀನಕ್ಕೆ ಒಳ್ಳೆಯ ಕುರುಹು.

ಘಟ್ಟದ ಮೇಲೆ

ಜೆಎಂಎಫ್‌ಸಿಯಲ್ಲಿ ಎದುರು ದೂರು ಬೇರೆಯಾಗಿ ನಡೆದದ್ದನ್ನು ಯಾರೂ ಎತ್ತಲಿಲ್ಲ. ಅಲ್ಲೇ ದೊಡ್ಡ ತಪ್ಪಾಗಿದೆ ಅನಿಸುತ್ತದೆ.

ವಕಾಲತ್ತು

ಆಗಿದೆ. ನಾಥಿ ಲಾಲ್ ತೀರ್ಪು, 1990: ಒಂದೇ ಗಲಾಟೆಯ ಎರಡು ಕೇಸುಗಳನ್ನು ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೆ ಒಂದರಂತೆ ನಡೆಸಬೇಕು. ಮೊದಲನೆಯದರ ವಾದ ಕೇಳಿ ತೀರ್ಪು ಕಾಯ್ದಿರಿಸಿ, ಎರಡನೆಯದನ್ನೂ ಮುಗಿಸಿ, ಎರಡಕ್ಕೂ ಬೆನ್ನಿಗೆ ಬೆನ್ನು ತೀರ್ಪು ಕೊಡಬೇಕು. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಓದಬಾರದು. ಎದುರು ದೂರಿನಲ್ಲಿ ಸೆಷನ್ಸ್ ವಿಚಾರಣೆಯ ಅಪರಾಧ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಸಿಆರ್‌ಪಿಸಿ 323ರಡಿ ಸೆಷನ್ಸಿಗೆ ಒಪ್ಪಿಸಬಹುದು ಎಂದು ಸುಧೀರ್ ತೀರ್ಪು (2001) ಬಿಡಿಸಿ ಹೇಳಿದೆ. ಅದನ್ನು ಕೇಳಬೇಕಾದವರು ಉಳುವವರ ವಕೀಲರು. ಕೇಳದೆ ಬಿಟ್ಟರು.

ಈಗ ಮಾಡಬಹುದಾದ್ದು: ಖುಲಾಸೆಯ ವಿರುದ್ಧ ಗಾಯಾಳು ಸಂತ್ರಸ್ತನಾಗಿ ಸಿಆರ್‌ಪಿಸಿ 372ರ ಪರಂತುಕದಡಿ (ಬಿಎನ್‌ಎಸ್‌ಎಸ್ 413) ಸೆಷನ್ಸ್ ಕೋರ್ಟಿಗೆ ಹೋಗಬಹುದು. ಧಾರವಾಡದ ಅಪೀಲಿನಲ್ಲೂ ಇದನ್ನು ಒಂದು ಕಾರಣವಾಗಿ ಬರೆಯಿರಿ. ಆದರೆ ಇದರಿಂದಲೇ ಶಿಕ್ಷೆ ರದ್ದಾಗುತ್ತದೆಂದು ಕಕ್ಷಿದಾರರಿಗೆ ಹೇಳಬೇಡಿ. ಇದರಿಂದ ಯಾವ ಸಾಕ್ಷ್ಯ ತಪ್ಪಿಹೋಯಿತು ಎಂದು ಬೊಟ್ಟು ಮಾಡಿ ತೋರಿಸಬೇಕು. ಇಲ್ಲಿ ಅದು ಮುಂಗೈ ಮೂಳೆಯ ಗಾಯದ ಪತ್ರ.

ಕುಮಟಾ ಪೇಟೆ

ಒಪ್ಪಿದೆ ಮಾರಾಯ್ರೇ, ಪಹಣಿ ಒಂದೇ ಸಾಲದು. ಆದ್ರೆ ರಾಜಿ ಆದ್ರೆ? ಊರಲ್ಲಿ ಹಿರಿಯರು ಕೂತು ಗದ್ದೆ ಅರ್ಧ ಅರ್ಧ ಮಾಡಿದ್ರೆ ಕೇಸು ಬಿಡ್ತಾರಾ?

ವಕಾಲತ್ತು

ಗದ್ದೆಯ ರಾಜಿ ಸಿವಿಲ್ ದಾವೆಯಲ್ಲಿ ಆಗಲಿ, ತೊಂದರೆಯಿಲ್ಲ. ಐಪಿಸಿಯ 323 (ಸಣ್ಣ ಹೊಡೆತ), 447 (ಅತಿಕ್ರಮ ಪ್ರವೇಶ), 504ರಂಥವು (ಕೆಣಕುವ ಬೈಗುಳ) ಅಪೀಲಿನಲ್ಲೂ ಕೋರ್ಟಿನ ಅನುಮತಿಯಿಂದ ರಾಜಿಯಾಗುತ್ತವೆ. 304 ರಾಜಿಯಾಗುವುದಿಲ್ಲ, ಹೆಣ ಬಿದ್ದ ಕೇಸು ಊರ ಹಿರಿಯರ ಕೈಯಲ್ಲಿಲ್ಲ. ತೀರಿಕೊಂಡವನ ಹೆಂಡತಿ ಮಕ್ಕಳಿಗೆ ಪರಿಹಾರ ಕೊಟ್ಟಿದ್ದನ್ನು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಕೋರ್ಟ್ ಗಮನಿಸಬಹುದು, ಅಷ್ಟೇ.

ಹಿಸ್ಸಾ-2, ಶಿರಸಿ

ದಿನಗಳ ಲೆಕ್ಕ ಹೇಳಿ. ತೀರ್ಪಿನ ದಿನವೇ ಜೈಲಿಗೆ ಹೋಗಿದ್ದಾರೆ ಎಂದುಕೊಳ್ಳಿ.

ಗುಮಾಸ್ತೆ, ಧಾರವಾಡ

ಸೆಷನ್ಸ್ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ. ಜೆಎಂಎಫ್‌ಸಿ ಶಿಕ್ಷೆಯಾಗಿದ್ದರೆ ಸೆಷನ್ಸಿಗೆ 30 ದಿನ. ನಕಲಿಗೆ ಹಿಡಿದ ದಿನಗಳನ್ನು ಕಳೆಯುತ್ತಾರೆ, ಅದಕ್ಕೇ ನಕಲಿನ ಹಿಂಬದಿಯ ಮೂರು ತಾರೀಕು (ಅರ್ಜಿ, ಸಿದ್ಧ, ಕೊಟ್ಟದ್ದು) ಸರಿಯಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿ ಆಗಲೇ ಉಚಿತವಾಗಿ ಸಿಗಬೇಕು, ಅದನ್ನಿಟ್ಟೇ ಅಪೀಲು ಸಿದ್ಧಪಡಿಸಲು ಶುರುಮಾಡಬಹುದು.

ಉತ್ತರ ಕನ್ನಡದ್ದು ಧಾರವಾಡ ಪೀಠಕ್ಕೆ. ಬೆಂಗಳೂರಿಗೆ ಹೋಗಿ ವಾಪಸು ಬರಬೇಡಿ. ಧಾರವಾಡದ ಅಪೀಲು ನಂಬರು 1 ಲಕ್ಷದ ಮೇಲಿಂದ ಶುರುವಾಗುತ್ತದೆ, ಆನ್‌ಲೈನಿನಲ್ಲಿ ಹುಡುಕುವಾಗ ಪೀಠ ಆರಿಸಲು ಮರೆತರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ, ಗಾಬರಿ ಬೇಡ.

ವಿಚಾರಣಾ ಕೋರ್ಟೇ ಶಿಕ್ಷೆ ತಡೆದು ಜಾಮೀನು ಕೊಡುವುದು ಮುಖ್ಯವಾಗಿ 3 ವರ್ಷದವರೆಗಿನ ಶಿಕ್ಷೆಗೆ. 7 ವರ್ಷಕ್ಕೆ ಹೈಕೋರ್ಟಿನಲ್ಲೇ ಸಿಆರ್‌ಪಿಸಿ 389, ಬಿಎನ್‌ಎಸ್‌ಎಸ್ 430ರ ಅರ್ಜಿ. ನಾಲ್ವರಿಗೂ ಒಂದೇ ಒಕ್ಕಣೆಯ ಅರ್ಜಿ ಹಾಕಬೇಡಿ. ಗುದ್ದಲಿ ಹಿಡಿಯದ ಮೂವರ ಪಾತ್ರ ಬೇರೆಯಾಗಿ ಬರೆಯಿರಿ, ವಿಚಾರಣೆಯ ಉದ್ದಕ್ಕೂ ಜಾಮೀನಿನಲ್ಲಿದ್ದು ತಪ್ಪದೆ ಹಾಜರಾಗಿದ್ದನ್ನೂ ಬರೆಯಿರಿ. ದಂಡ ಕಟ್ಟಿದ ರಸೀದಿ ಲಗತ್ತಿಸಿ, ಇಲ್ಲವೇ ದಂಡಕ್ಕೂ ತಡೆ ಕೇಳಿ. ವಕೀಲರಿಗೆ ಹಣವಿಲ್ಲದಿದ್ದರೆ ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು, ಬಂಧನದಲ್ಲಿದ್ದವರಿಗೆ ಉಚಿತ ಕಾನೂನು ನೆರವಿನ ಹಕ್ಕೂ ಇದೆ.

ಹಿಸ್ಸಾ-2, ಶಿರಸಿ

ಕೊನೆಯದೊಂದು. ಮೊದಲನೇ ಆರೋಪಿಗೆ 74 ವರ್ಷ ಎಂದಿಟ್ಟುಕೊಳ್ಳಿ. ಅಪೀಲು ಬಾಕಿ ಇರುವಾಗ ತೀರಿಕೊಂಡರೆ?

ಗುಮಾಸ್ತೆ, ಧಾರವಾಡ

ಅವರ ಮಟ್ಟಿಗೆ ಅಪೀಲು ಅಲ್ಲಿಗೇ ನಿಂತುಹೋಗುತ್ತದೆ, ಕಳಂಕ ಹಾಗೇ ಉಳಿಯುತ್ತದೆ. ಬೇಡವೆಂದರೆ ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಇವರಲ್ಲಿ ಯಾರಾದರೂ 30 ದಿನದೊಳಗೆ ಮುಂದುವರಿಸಲು ಅನುಮತಿ ಕೇಳಬೇಕು, ಸಿಆರ್‌ಪಿಸಿ 394, ಬಿಎನ್‌ಎಸ್‌ಎಸ್ 435. ಮರಣ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯುತ್ತ ಕೂತರೆ 30 ದಿನ ದಾಟುತ್ತದೆ. ನೋಂದಣಿಗೆ ಕೊಟ್ಟ ಅರ್ಜಿಯ ಪ್ರತಿ ಇಟ್ಟೇ ಹಾಕಿ, ಪತ್ರ ಆಮೇಲೆ ಸಲ್ಲಿಸಿ.